ಅಕ್ಕನ ಮಗಳಿಗೊಂದು ಬಾಲ್ಕನಿ ಕ್ಯಾಬಿನ್

ಗಾಜಿನ ಬಾಗಿಲು ತೆರೆದಾಗ ಮೊದಲು ಒಳಗೆ ನುಗ್ಗಿದ್ದು ಬಿಸಿಗಾಳಿ. ಅದರ ಹಿಂದೆಯೇ ಅವನ ದನಿ.

"ಅಂಬಿಕಾ ಮೇಡಂ ಅಂದ್ರ ನೀವೇ ಏನ್ರಿ?"

ಕೀಬೋರ್ಡಿನ ಮೇಲೆ ಓಡುತ್ತಿದ್ದ ಅಂಬಿಕಾಳ ಬೆರಳುಗಳು ನಿಂತೇಬಿಟ್ಟವು.

ಈ ದನಿ...! ಒಂದು ತಿಂಗಳಿಂದ ಪ್ರತಿ ಮಧ್ಯಾಹ್ನ ಫೋನಿನಲ್ಲಿ ಕೇಳಿದ ದನಿ. ಊಟದ ಡಬ್ಬಿ ಮುಚ್ಚುವುದರೊಳಗೆ ಬರುತ್ತಿದ್ದ ದನಿ. ಅದಕ್ಕೊಂದು ಮುಖ ಬರೆಯಲು ಅವಳು ಎಷ್ಟೊಂದು ಸಲ ಕಣ್ಣು ಮುಚ್ಚಿದ್ದಳು!

ತಲೆಯೆತ್ತಿ ನೋಡಿದಳು. ಹೆಲ್ಮೆಟ್ ಒತ್ತಿ ಹಣೆಯ ಮೇಲೆ ಕೆಂಪು ಗೆರೆ ಮೂಡಿತ್ತು. ಶರ್ಟಿನ ಜೇಬಿನಲ್ಲಿ ಯಾವುದೋ ಔಷಧಿ ಕಂಪನಿಯ ಪೆನ್ನು. ಮಾನ್ವಿಯ ಔಷಧಿ ಅಂಗಡಿಯ ಆಂಜನೇಯ ಅವಳ ಕನಸಿಗಿಂತ ಸ್ವಲ್ಪ ಕಪ್ಪಗಿದ್ದ, ಸ್ವಲ್ಪ ಎತ್ತರವಿದ್ದ. ಕನಸಿಗಿಂತ ಚೆನ್ನಾಗಿದ್ದ.

"ಹೂಂ ರೀ... ನಾನೇ" ಎಂದಳು. ತನ್ನ ದನಿ ತನಗೇ ಕೇಳಿಸಲಿಲ್ಲ.

ಅಷ್ಟರಲ್ಲಿ ಅವನ ಬೆನ್ನ ಹಿಂದಿನಿಂದ ಇನ್ನೊಂದು ಮುಖ ಇಣುಕಿತು. ದುಪಟ್ಟಾ ತೆಗೆದು ಮುಖದ ಧೂಳು ಒರೆಸಿಕೊಳ್ಳುತ್ತಿದ್ದ ಹುಡುಗಿ. ನೋಡಿದವರು ಇನ್ನೊಮ್ಮೆ ತಿರುಗಿ ನೋಡುವಷ್ಟು ಚೆಲುವೆ.

"ಮಾವ, ಎಸಿ ಎಷ್ಟು ತಂಪದ ನೋಡು! ನಾ ಇಲ್ಲೇ ಇರ್ತೀನಿ, ನೀ ಬೇಕಾದ್ರ ಮಾನ್ವಿಗಿ ಹೋಗು" ಎಂದು ಅವಳು ಅವನ ತೋಳು ಹಿಡಿದು ಕುಣಿದಳು.

ಆಂಜನೇಯ ನಕ್ಕ. "ಇಕಿ ಮಲ್ಲಿಕಾ. ನಮ್ಮ ಅಕ್ಕನ ಮಗಳು."

ಅಕ್ಕನ ಮಗಳು!

ಬೇರೆ ಯಾವ ಸೀಮೆಯಲ್ಲಾದರೂ ಅದು ಬರೀ ಒಂದು ಸಂಬಂಧದ ಹೆಸರು. ಇಲ್ಲಿ ಹಾಗಲ್ಲ. ಇಲ್ಲಿ ಅಕ್ಕನಿಗೆ ಹೆಣ್ಣು ಹುಟ್ಟಿತೆಂದರೆ ತೊಟ್ಟಿಲು ತೂಗುವ ಹೆಂಗಸರೇ ತಮ್ಮನ ಹೆಸರು ಸೇರಿಸಿ ಹಾಡುತ್ತಾರೆ.

ಒಳಗಿನ ಮೇಜಿನಿಂದ ಮಾಲೀಕ ಅಬ್ದುಲ್ ವಹೀದ್ ಸಾಹೇಬರು ಚಹಾದ ಕಪ್ಪು ಹಿಡಿದೇ ಎದ್ದು ಬಂದರು. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಆ ಪುಟ್ಟ ಟ್ರಾವೆಲ್ಸ್ ಆಫೀಸಿಗೆ ಯಾರು ಬಂದರೂ ಅವರಿಗೆ ಮಾತು ಬೇಕು.

"ಅರೇ ಆಂಜನೇಯ! ಹಂಪಣ್ಣನ ಮಗಳಲ್ಲೇನೋ ಇಕಿ? ಅಕ್ಕನ ಮಗಳಂದ್ರ ಹುಟ್ಟಿದಾಗ್ಲೇ ಮಾವನ ಹೆಸರಿಗಿ ಪಟ್ಟಾ ಆಗಿರ್ತದ ಬಿಡು! ಯಾವಾಗ ಬಿರಿಯಾನಿ?"

ಮಲ್ಲಿಕಾ ಆಂಜನೇಯನ ಬೆನ್ನಿಗೆ ಮೆಲ್ಲನೆ ಚಿವುಟಿದ್ದು ಅಂಬಿಕಾಳ ಕಣ್ಣಿಗೆ ಬಿತ್ತು. ಅವನು ಬಾಯಿ ತೆರೆದವನು ಹಾಗೇ ಮುಚ್ಚಿದ. ಆಮೇಲೆ ಹುಳ್ಳಗೆ ನಕ್ಕ.

"ಆಗ್ಲಿ ಸಾಹೇಬ್ರ, ತಿನ್ನಸ್ತೀನಿ."

ಇಲ್ಲ ಎನ್ನಲಿಲ್ಲ... ಒಂದು ಸಲವಾದರೂ ಇಲ್ಲ ಎನ್ನಬಾರದಿತ್ತೇ?



ತಿಂಗಳ ಹಿಂದೆ ಅವನ ಮೊದಲ ಫೋನು ಬಂದಾಗ ಹೀಗೇನೂ ಇರಲಿಲ್ಲ. "ಮುಂಬೈಲಿಂದ ಗೋವಾಕ್ಕ ಹೋಗೋ ಹಡಗಿನಾಗ ಇಬ್ಬರಿಗಿ ಒಂದು ಕ್ಯಾಬಿನ್ ಬೇಕ್ರಿ. ನನಗ ಹಡಗಂದ್ರ ಏನೂ ಗೊತ್ತಿಲ್ಲ, ಕೃಷ್ಣಾ ನದಿ ತೆಪ್ಪ ಬಿಟ್ರ" ಎಂದಿದ್ದ. ಅವಳು ನಕ್ಕು, ಎಲ್ಲರಿಗೂ ಹೇಳುವಂತೆ ಬಸ್ಸಿನ ಲೆಕ್ಕದಲ್ಲಿ ಹೇಳಿಕೊಟ್ಟಿದ್ದಳು.

"ಬಸ್ಸಿನಾಗ ನಡುವಿನ ಸೀಟು ಜೋಲಿ ಹೊಡಿಯಂಗಿಲ್ಲ ನೋಡ್ರಿ, ಹಡಗೂ ಹಂಗೇ. ನಡುಮಧ್ಯದ ಕ್ಯಾಬಿನ್, ಅದೂ ಭಾಳ ಮ್ಯಾಲಿಂದು ಬ್ಯಾಡ."

"ಮತ್ತ ಕಿಟಕಿ?"

"ಕಿಟಕಿಗಿಂತ ಬಾಲ್ಕನಿ ಚಲೋ. ಮುಂಬೈಲಿಂದ ಹೋಗುವಾಗ ಬಲಗಡಿದು ಹಿಡೀಬೇಕು. ಹೊತ್ತು ಮುಳುಗೋದು ನಿಮ್ಮ ಬಾಲ್ಕನಿ ಮುಂದೇ ಮುಳುಗ್ತದ."

ಹಡಗಿನ ಮಾತು ಮುಗಿದ ಮೇಲೂ ಮಾತು ಮುಗಿಯುತ್ತಿರಲಿಲ್ಲ. ಅವಳ ಊರು ದೇವದುರ್ಗ, ಅವಳನ್ನು ಬೆಳೆಸಿದ ಅಜ್ಜಿ ತಿಮ್ಮವ್ವ, ಅಜ್ಜಿ ಹೇಳುತ್ತಿದ್ದ ಏಳು ಸಮುದ್ರದಾಚೆಯ ಕಥೆಗಳು... ಸಮುದ್ರ ಮಾರಿ ಸಂಬಳ ತೆಗೆದುಕೊಳ್ಳುವ ತಾನು ಇನ್ನೂ ಸಮುದ್ರವನ್ನೇ ನೋಡಿಲ್ಲ ಎಂಬ ಗುಟ್ಟನ್ನೂ ಅವಳು ಅವನೊಬ್ಬನಿಗೆ ಹೇಳಿದ್ದಳು.

ಒಂದು ದಿನ ಅವನು ಕೇಳಿದ್ದ. "ನೀವೇ ಹೋಗೂದಿದ್ರ ಯಾವ ಕ್ಯಾಬಿನ್ ಹಿಡೀತಿದ್ರಿ?"

ಅವಳು ಹೇಳಿದ್ದಳು. ನಡುಮಧ್ಯ, ಬಲಗಡೆ, ಲಿಫ್ಟಿಗೆ ಹತ್ತಿರ, ಆದರೆ ಲಿಫ್ಟಿನ ಸದ್ದು ಕೇಳಿಸದಷ್ಟು ದೂರ.

"ಹಂಗಾರ ಅದನ್ನೇ ಹಿಡೀರಿ."

"ಜೊತಿಗಿ ಯಾರ್ರಿ? ಹೆಸರು ಬೇಕಲ್ಲ..."

"ಹೆಸರು ಆಮ್ಯಾಲ. ನಾನೇ ರಾಯಚೂರಿಗಿ ಬಂದು ಹೇಳ್ತೀನಿ."

ಆ 'ನಾನೇ ಬಂದು ಹೇಳ್ತೀನಿ'ಯನ್ನು ಅವಳು ದಿಂಬಿನ ಕೆಳಗಿಟ್ಟುಕೊಂಡು ಮಲಗಿದ್ದಳು. ಸಾಹೇಬರು ಒಟ್ಟಿಗೇ ಹಿಡಿದಿಟ್ಟಿದ್ದ ಕ್ಯಾಬಿನ್‌ಗಳಲ್ಲಿ ಅದೊಂದನ್ನು ಆಂಜನೇಯನ ಪಾಲಿಗೆ ಎತ್ತಿಟ್ಟಿದ್ದಳು.

ಅಜ್ಜಿಯ ಕಥೆಗಳಲ್ಲಿ ರಾಜಕುಮಾರ ಏಳು ಸಮುದ್ರ ದಾಟಿ ಬರುತ್ತಿದ್ದ, ಕುದುರೆಯ ಮೇಲೆ ಬರುತ್ತಿದ್ದ. ಅಕ್ಕನ ಮಗಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ ರಾಜಕುಮಾರನ ಕಥೆಯನ್ನು ಮಾತ್ರ ಅಜ್ಜಿ ಹೇಳಿರಲೇ ಇಲ್ಲ!

"ತೋರಸ್ರಿ ಮೇಡಂ ನಮ್ಮ ಕ್ಯಾಬಿನ್ನು!" ಮಲ್ಲಿಕಾ ಕುರ್ಚಿ ಎಳೆದುಕೊಂಡು ಅಂಬಿಕಾಳ ಪಕ್ಕಕ್ಕೇ ಬಂದು ಕುಳಿತಳು. ಮೈಯಿಂದ ಮಲ್ಲಿಗೆಯ ಘಮ.

ನಮ್ಮ ಕ್ಯಾಬಿನ್ನು... ಅಂಬಿಕಾ ಹಲ್ಲು ಕಚ್ಚಿ ಹಡಗಿನ ನಕ್ಷೆ ತೆರೆದಳು.

"ಇದು ನಡುವಿನ ಭಾಗ. ದೊಡ್ಡ ಬ್ಯಾಗು ಹತ್ತುವಾಗ್ಲೇ ಅವ್ರಿಗಿ ಕೊಡಬೇಕು, ಅದು ಕ್ಯಾಬಿನ್ನಿಗಿ ಬರೂದು ತಡ ಆಗ್ತದ. ಅದಕ್ಕ ಒಂದು ಜೋಡಿ ಬಟ್ಟಿ, ಗುಳಿಗಿ, ಎಲ್ಲಾ ಕೈಚೀಲದಾಗ ಇಟ್ಕೊಳ್ರಿ. ಹಡಗು ಬಿಟ್ಟಿಂದ ಮೊಬೈಲ್ ಏರೋಪ್ಲೇನ್ ಮೋಡಿಗಿ ಹಾಕ್ರಿ, ಇಲ್ಲಾಂದ್ರ ಬಿಲ್ಲು ನೋಡಿ ಎದಿ ಒಡೀತದ."

"ಮೊಬೈಲ್ ಯಾರಿಗಿ ಬೇಕ್ರಿ ಅಲ್ಲಿ!" ಮಲ್ಲಿಕಾ ನಾಚಿ ನಕ್ಕಳು. "ಮಾವ ಹೇಳ್ಯಾನ, ಬಾಲ್ಕನಿಯಾಗ ಕುಂತ್ರ ಹೊತ್ತು ಮುಳುಗೋದು ಕಾಣತದಂತ. ಖರೇ ಏನ್ರಿ?"

ಅದು ನನ್ನ ಮಾತು! ನಾನು ಅವನಿಗೊಬ್ಬನಿಗೇ ಕೊಟ್ಟ ಸಂಜೆ ಅದು... ಅದನ್ನೂ ಇವಳಿಗೆ ಕೊಟ್ಟುಬಿಟ್ಟನೇ?

"ಮೋಡ ಇರದಿದ್ರ ಕಾಣತದ" ಎಂದಳು ಅಂಬಿಕಾ. ತಾನು ಇಷ್ಟು ಒರಟಾಗಿ ಮಾತಾಡಬಲ್ಲೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಆಂಜನೇಯ ಏನೋ ಹೇಳಲು ಬಾಗಿದ. "ಅಂಬಿಕಾ ಮೇಡಂ, ಒಂದು ಮಾತು..."

"ಎಲ್ಲಾ ಹೇಳೀನಲ್ರಿ. ಇನ್ನೇನದ?"

ಅವನು ಅವಳನ್ನೂ ಸಾಹೇಬರನ್ನೂ ಒಮ್ಮೆ ನೋಡಿ ಹೆಲ್ಮೆಟ್ ಎತ್ತಿಕೊಂಡ. "ಫೋನಿನಾಗ ಹೇಳ್ತೀನಿ ಬಿಡ್ರಿ" ಎಂದ.

ಬೈಕು ಶುರುವಾದ ಸದ್ದು. ಗಾಜಿನಾಚೆ ಮಲ್ಲಿಕಾ ಅವನ ಹೆಗಲ ಮೇಲೆ ಕೈಯಿಟ್ಟು ಹತ್ತಿ ಕುಳಿತಳು. ಅಂಬಿಕಾ ನೋಡಬಾರದೆಂದುಕೊಂಡಳು. ನೋಡಿದಳು.

ಅದೇ ಹೊತ್ತಿಗೆ ಕಲ್ಮಲದ ನಿವೃತ್ತ ಹೆಡ್‌ಮಾಸ್ತರ ಹನುಮಂತರಾಯರ ಫೋನು ಬಂತು. ಅವರೂ ಅದೇ ಹಡಗಿಗೆ ಹೊರಟವರು. "ತಂಗೀ, ನಮ್ಮ ಮನಿಯಾಕಿ ವೆಂಕಮ್ಮನ ಮೊಣಕಾಲು ಭಾಳ ನೋಯಾಕತ್ಯಾವ. ಲಿಫ್ಟಿನ ಹತ್ರ ಏನಾರ ಸಿಗತದೇನವಾ?"

ಪರದೆಯ ಮೇಲೆ ಆ ಕ್ಯಾಬಿನ್ ಮಿನುಗುತ್ತಿತ್ತು. ನಡುಮಧ್ಯ. ಬಲಗಡೆ. ಅವಳ ಸಂಜೆ.

"ಸಿಗತದ್ರಿ ಸರ್" ಎಂದಳು.

ಒಂದು ಕ್ಲಿಕ್ಕು. ಅದು ವೆಂಕಮ್ಮನದಾಯಿತು.

ಇನ್ನೊಂದು ಕ್ಲಿಕ್ಕಿಗೆ ಮುಂಚೆ ಅವಳು ನಕ್ಷೆಯನ್ನೆಲ್ಲ ಹುಡುಕಿದಳು. ಒಳ್ಳೆಯದನ್ನು ಹುಡುಕಿಕೊಡಲು ಕಲಿತ ಕಣ್ಣು ಕೆಟ್ಟದ್ದನ್ನೂ ಅಷ್ಟೇ ಬೇಗ ಹುಡುಕಿತು. ಹಡಗಿನ ಮೂತಿಯ ತುದಿ. ಅಲೆಗಳಿಗೆ ಮೊದಲು ಏರಿ ಮೊದಲು ಇಳಿಯುವ ಜಾಗ. ತಲೆಯ ಮೇಲೇ ಡಾನ್ಸ್ ಹಾಲ್. ಬಾಲ್ಕನಿ ಇಲ್ಲ, ಒಂದು ಕಿಟಕಿ. ಕಿಟಕಿಯ ಮುಂದೆ ತೂಗುಬಿದ್ದ ಲೈಫ್‌ಬೋಟು. ಮಂಚಗಳು ಎರಡು, ಅದೂ ಬೇರೆ ಬೇರೆ ಗೋಡೆಗೆ!

ಕುಂದರ್ರಿ ಇಬ್ಬರೂ... ಹೊತ್ತು ಮುಳುಗೋದು ನೋಡ್ಕೊಂತ!

ಒತ್ತಿದಳು. ಎದೆ ತಣ್ಣಗಾಗಬೇಕಿತ್ತು. ಆಗಲಿಲ್ಲ.

ಮರುದಿನ ಮಧ್ಯಾಹ್ನ ಫೋನು ರಿಂಗಾಯಿತು. ಅವಳು ಎತ್ತಲಿಲ್ಲ. ಅದರ ಮರುದಿನವೂ ಎತ್ತಲಿಲ್ಲ. ಕೊನೆಗೆ ಸಾಹೇಬರೇ ಆಫೀಸಿನ ಫೋನು ಎತ್ತಿ ಮಾತಾಡಿ, ಇವಳ ಮೇಜಿನ ಹತ್ತಿರ ಬಂದರು.

"ಬೇಟಿ, ಭಾನುವಾರ ದೇವದುರ್ಗದಾಗ ಮಲ್ಲಿಕಾಂದು ವೀಳ್ಯದ ಶಾಸ್ತ್ರ, ಮದುವಿ ಗಟ್ಟಿ ಮಾಡ್ತಾರಂತ. ನನಗ ಆಗಂಗಿಲ್ಲ, ನಿಂದು ಅದೇ ಊರು. ಆಂಜನೇಯ ನಿನಗ ಬರಾಕೇ ಬೇಕಂದಾನ."

ಬರಲೇಬೇಕಂತೆ! ತನ್ನ ವೀಳ್ಯಕ್ಕೆ ತನ್ನನ್ನು ಇಷ್ಟಪಟ್ಟವಳನ್ನೇ ಕರೆಯುವ ಕಲ್ಲೆದೆ ಇವನಿಗೆ ಎಲ್ಲಿಂದ ಬಂತು?

ಭಾನುವಾರ ಮನೆಯಲ್ಲಿ ಅವಳು ತಲೆನೋವೆಂದು ಮಲಗಿದಳು. ತಿಮ್ಮವ್ವ ಹೊಸ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು.

"ಏಳ ಲೇ ಅಂಬೀ. ಹಂಪಣ್ಣ ನನ್ನೂ ಕರದಾನ."

"ನೀ ಹೋಗು ಯವ್ವಾ. ನನಗ ತಲಿ ಸಿಡಿಯಾಕತ್ತದ."

"ತಲಿ ಸಿಡಿದ್ರ ಹಣಿ ಹಿಡ್ಕೊಂತಾರ. ನೀ ಎದಿ ಹಿಡ್ಕೊಂಡು ಮಲಗೀದಿ." ಮುದುಕಿ ಮಂಚದ ತುದಿಗೆ ಕುಳಿತಳು. "ಯಾರದಾನ ಅಲ್ಲಿ?"

ಅಂಬಿಕಾ ಗೋಡೆಯ ಕಡೆ ಹೊರಳಿದಳು. "ಯಾರೂ ಇಲ್ಲ. ಇದ್ದಂವ ಇವತ್ತು ಇನ್ನೊಬ್ಬಾಕಿ ಕೈಗೆ ಎಲಿ ಕೊಡ್ತಾನ."

"ಹಂಗಾರ ಹೋಗಿ ಕಣ್ಣಿಲೆ ನೋಡು. ನೋಡದ ಹೊಟ್ಟಿಕಿಚ್ಚು ಉರೀತಾನೇ ಇರ್ತದ, ನೋಡಿದ್ದು ಒಂದಿನ ಆರ್ತದ. ಏಳು, ಮುಖ ತೊಳಿ."

ಹಂಪಣ್ಣನ ಅಂಗಳದಲ್ಲಿ ಚಪ್ಪರ ಹಾಕಿದ್ದರು. ಒಲೆಯ ಮೇಲೆ ಹುಗ್ಗಿ ಕುದಿಯುತ್ತಿತ್ತು. ಹಸಿರು ಸೀರೆಯುಟ್ಟ ಮಲ್ಲಿಕಾ ತಲೆತಗ್ಗಿಸಿ ಕುಳಿತಿದ್ದಳು. ಪಕ್ಕದಲ್ಲಿ ಬಿಳಿ ಪಂಚೆ, ಬಿಳಿ ಅಂಗಿಯ ಆಂಜನೇಯ.

ಅಂಬಿಕಾ ಕಂಬಕ್ಕೆ ಒರಗಿ ನಿಂತಳು. ಎಷ್ಟು ಒಪ್ಪುತ್ತಾರೆ... ಕಣ್ಣೇ, ನೋಡು. ಒಂದು ಸಲ ಪೂರ್ತಿ ನೋಡಿ ಮುಗಿಸಿಬಿಡು.

ಹಿರಿಯರೊಬ್ಬರು ಎದ್ದು ಗಂಟಲು ಸರಿಪಡಿಸಿಕೊಂಡರು. "ಸೋದರಮಾವ ಎದ್ದು ನಿಂದರ್ಲಿ."

ಆಂಜನೇಯ ಎದ್ದ. ಅವನ ಕೈಗೆ ಎಲೆಯಡಿಕೆಯ ತಟ್ಟೆ ಕೊಟ್ಟರು.

"ಹುಡುಗಿ ಮ್ಯಾಲ ಮೊದಲ ಹಕ್ಕು ನಿಂದು. ಆ ಹಕ್ಕು ಬಿಟ್ಟುಕೊಡಾಕ ನಿನ್ನ ಒಪ್ಪಿಗಿ ಅದನೋ ಇಲ್ಲೋ?"

ಅಂಬಿಕಾ ಕಂಬ ಬಿಟ್ಟು ಮುಂದೆ ಬಂದಳು. ಬಿಟ್ಟುಕೊಡುವುದು...?

"ಅದ" ಎಂದ ಆಂಜನೇಯ. "ನಾ ಎತ್ತಿ ಆಡಿಸಿದ ಕೂಸು. ನನಗ ಮಗಳಿದ್ದಂಗ. ಅಕಿ ಮನಸ್ಸು ಎಲ್ಲದನೋ ಅಲ್ಲೇ ಕೊಡ್ರಿ."

ಅವನು ತಟ್ಟೆಯನ್ನು ಎದುರು ಸಾಲಿನಲ್ಲಿ ಬೆವರುತ್ತ ಕುಳಿತಿದ್ದ ಒಬ್ಬ ತೆಳ್ಳನೆಯ ಹುಡುಗನ ಕೈಗಿಟ್ಟ. "ಕನಕರಾಯ, ಇನ್ನ ಮ್ಯಾಲ ಇಕಿ ಚಿವುಟಿದ್ರ ನೀ ತಡ್ಕೋಬೇಕಪ್ಪ. ನನ್ನ ಬೆನ್ನು ಸಾಕಾಗ್ಯದ."

ಚಪ್ಪರವೆಲ್ಲ ನಕ್ಕಿತು. ಮೂಲೆಯಲ್ಲಿ ಮಲ್ಲಿಕಾಳ ತಾಯಿ ಮಾತ್ರ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಅವಳೂ ನಕ್ಕಳು.

ಅಂಬಿಕಾ ನಗಲಿಲ್ಲ. ಅವಳ ಕಣ್ಣ ಮುಂದೆ ಹಡಗಿನ ಮೂತಿ ಮೇಲೆದ್ದು ಕೆಳಗೆ ಬಿತ್ತು. ಡಾನ್ಸ್ ಹಾಲ್, ಲೈಫ್‌ಬೋಟು, ಬೇರೆ ಬೇರೆ ಗೋಡೆಯ ಮಂಚಗಳು...

ಅಯ್ಯೋ, ನಾನೇನು ಮಾಡಿಬಿಟ್ಟೆ!

ಊಟದ ಗದ್ದಲದಲ್ಲಿ ಅವನೇ ಅವಳನ್ನು ಹುಡುಕಿಕೊಂಡು ಹಿತ್ತಲಿಗೆ ಬಂದ.

"ಫೋನ್ ಯಾಕ ಎತ್ತಲಿಲ್ರಿ? ಅವತ್ತು ಸಾಹೇಬ್ರ ಮುಂದ ಹೇಳಾಕ ಆಗ್ಲಿಲ್ಲ. ಅವ್ರೂ ನಮ್ಮ ಭಾವನೂ ದೋಸ್ತರು. ಕನಕರಾಯಗ ಕೊಡಾಕ ಅಕ್ಕ ಇನ್ನೂ ಒಪ್ಪಿರ್ಲಿಲ್ಲ. ತಮ್ಮಗೇ ಕೊಡ್ತೀನಂತ ಹಟ ಹಿಡಿದಿದ್ಳು. ನಾವು ಮಾನ್ವಿ ಮುಟ್ಟೂದರೊಳಗ ಸುದ್ದಿ ದೇವದುರ್ಗ ಮುಟ್ಟಿರ್ತಿತ್ತು. ಹಕ್ಕು ಬಿಟ್ಟ ಮಾವ ಮದುವಿಗಿ ಏನಾರ ಕೊಡಬೇಕಂತ ನಮ್ಮ ಕಡಿ ಪದ್ಧತಿ. ಮಲ್ಲಿಕಾ ಸೀರಿ ಬ್ಯಾಡ, ಸಮುದ್ರ ತೋರಸು ಅಂದ್ಳು. ಅದಕ್ಕ ಅವ್ರಿಬ್ಬರಿಗಿ ಆ ಕ್ಯಾಬಿನ್..."

"ಆ ಕ್ಯಾಬಿನ್ ಇಲ್ರಿ" ಎಂದಳು ಅಂಬಿಕಾ.

"ಇಲ್ಲಂದ್ರ?"

ಅವಳು ಹೇಳಿದಳು. ಒಂದನ್ನೂ ಬಿಡದೆ ಹೇಳಿದಳು. ಹೇಳುತ್ತ ಹೇಳುತ್ತ ಅವನ ಮುಖದ ನಗು ಇಳಿಯುವುದನ್ನು ನೋಡಿದಳು.

"ನೀವು... ಬೇಕಂತಲೇ?"

"ಹೂಂ ರೀ. ಬೇಕಂತಲೇ."

"ಆ ಕೂಸು ನಿಮಗೇನು ಮಾಡಿತ್ರಿ?" ಅವನ ದನಿ ಗಡಸಾಯಿತು. "ಸಿಟ್ಟಿದ್ರ ನನಗ ಬೈಯಬೇಕಿತ್ತು. ಅಕಿ ದಿನಾ ಹೊತ್ತು ಮುಳುಗೋ ಕನಸು ಕಾಣಾಕತ್ಯಾಳ!"

ಅಂಬಿಕಾಳ ಕಣ್ಣು ತುಂಬಿದವು. ಆದರೂ ತಲೆ ತಗ್ಗಿಸಲಿಲ್ಲ. "ನನ್ನ ತಪ್ಪೇ. ಅಕಿ ನಿಮ್ಮ ತೋಳು ಹಿಡಿದ್ಳು. ನೀವು ಇಲ್ಲ ಅನ್ಲಿಲ್ಲ. ನಾ ನಿಮಗ ಹೇಳಿದ ಮಾತು ಅಕಿ ಬಾಯಾಗ ಬಂತು... ನನಗ ತಡಿಲಿಲ್ಲ."

"ಯಾಕ ತಡಿಲಿಲ್ಲ?"

ಹಿತ್ತಲಿನ ಬೇವಿನ ಮರದಲ್ಲಿ ಗಿಳಿಯೊಂದು ಕೂಗಿ ಹಾರಿತು.

ಆಂಜನೇಯ ಅವಳನ್ನು ನೋಡುತ್ತಲೇ ನಿಂತ. ಅವನ ಸಿಟ್ಟಿನ ಅಂಚಿನಲ್ಲಿ ಏನೋ ಕರಗತೊಡಗಿತು. ಆದರೆ ಅದನ್ನು ಅವನು ಆಗಲೇ ಬಿಟ್ಟುಕೊಡಲಿಲ್ಲ.

"ಮೊದಲ ಅಕಿಗಿ ಹೇಳ್ರಿ. ನನಗಲ್ಲ, ಅಕಿಗಿ."

ಒಳಕೋಣೆಯಲ್ಲಿ ಮಲ್ಲಿಕಾ ಬಳೆ ಸರಿಪಡಿಸಿಕೊಳ್ಳುತ್ತಿದ್ದಳು. ಅಂಬಿಕಾ ಅವಳ ಎದುರು ಕುಳಿತು ಎಲ್ಲವನ್ನೂ ಇನ್ನೊಮ್ಮೆ ಹೇಳಿದಳು. ಎರಡನೇ ಸಲ ಹೇಳುವುದು ಹೆಚ್ಚು ಕಷ್ಟವಾಯಿತು.

ಮಲ್ಲಿಕಾಳ ಮುಖ ಸಣ್ಣದಾಯಿತು. "ಬಾಲ್ಕನಿ ಇಲ್ಲೇನ್ರಿ ಮತ್ತ?"

ಆ ಒಂದು ಪ್ರಶ್ನೆ ಅಂಬಿಕಾಳನ್ನು ಬೈಗುಳಕ್ಕಿಂತ ಹೆಚ್ಚು ಸುಟ್ಟಿತು. "ವೆಂಕಮ್ಮನೋರಿಗಿ ಕೇಳ್ತೀನಿ. ಕಾಲು ಹಿಡೀತೀನಿ, ವಾಪಸ್..."

"ಬ್ಯಾಡ್ರಿ ಯವ್ವಾ! ಮೊಣಕಾಲು ನೋವಿನ ಮುದುಕಿ ಕಡಿಂದ ಕಸಗೊಂಡು ನಾ ಹೊತ್ತು ಮುಳುಗೋದು ನೋಡ್ಲೇನು? ಚಲೋ ಅನಸ್ತದೇನು ಅದು?"

ಇವಳ ಮೇಲೆ ತನಗೆ ಹೊಟ್ಟೆಕಿಚ್ಚು ಹುಟ್ಟಿತ್ತಲ್ಲ! ಈಗ ಹುಟ್ಟಿದ್ದು ಇನ್ನೊಂದು ಬಗೆಯ ಹೊಟ್ಟೆಕಿಚ್ಚು. ಇವಳಷ್ಟು ದೊಡ್ಡ ಮನಸ್ಸು ತನಗೇಕಿಲ್ಲ?

ಅಂಬಿಕಾ ಕಣ್ಣು ಒರೆಸಿಕೊಂಡು ಮೊಬೈಲಿನಲ್ಲಿ ಹಡಗಿನ ನಕ್ಷೆ ತೆರೆದಳು. ಈ ಸಲ ಕಣ್ಣು ಒಳ್ಳೆಯದನ್ನೇ ಹುಡುಕಿತು. ಸಾಹೇಬರ ಪಾಲಿನಲ್ಲಿ ಒಂದು ಇನ್ನೂ ಉಳಿದಿತ್ತು.

"ಇಲ್ಲೊಂದದ. ಹಡಗಿನ ತೀರಾ ಹಿಂದ."

"ಹಿಂದ? ನಮ್ಮ ದೇವದುರ್ಗದ ಬಸ್ಸಿನ ಹಿಂದಿನ ಸೀಟಿನಾಗ ಕುಂತ್ರ ಟೊಂಕ ಮುರೀತದ್ರಿ!"

"ಎಲ್ಲಾರೂ ಹಂಗೇ ಅಂದು ಬಿಟ್ಟಾರ, ಅದಕ್ಕೇ ಉಳದದ. ತಪ್ಪು ನಂದೇ, ನಾನೇ ಎಲ್ಲಾರಿಗೂ ಬಸ್ಸಿನ ಲೆಕ್ಕ ಹೇಳಿದಾಕಿ. ಸ್ವಲ್ಪ ಅದರ್ತದ, ಸುಳ್ಳು ಹೇಳಂಗಿಲ್ಲ. ಆದ್ರ ಬಾಲ್ಕನಿ ಬ್ಯಾರೆದಕ್ಕಿಂತ ದೊಡ್ಡದು. ಮುಂದ ಏನೂ ಅಡ್ಡ ಇಲ್ಲ. ಹಡಗು ಬಿಟ್ಟುಹೋದ ಬೆಳ್ಳನ ದಾರಿ ನೀರಿನ ಮ್ಯಾಲ ಉದ್ದಕ ಕಾಣತದ. ಹೊತ್ತು ಮುಳುಗೋದು ಎದುರಿಗಲ್ಲ, ಬಾಜೂಕ ಕಾಣತದ. ಮಂಚ ಒಂದೇ..."

ಬಾಗಿಲಲ್ಲಿ ನಿಂತಿದ್ದ ಆಂಜನೇಯ ಕೆಮ್ಮಿದ. "ಅದರಿದ್ರ ಗುಳಿಗಿ ನಾ ಕೊಡ್ತೀನಿ. ಹಡಗು ಬಿಡೂಕ್ಕಿಂತ ಮೊದಲೇ ನುಂಗಬೇಕು, ತಲಿ ತಿರಗಾಕ ಹತ್ತಿದ ಮ್ಯಾಲಲ್ಲ."

ಮಲ್ಲಿಕಾ ಮೊಬೈಲಿನಿಂದ ಕಣ್ಣೆತ್ತಿದಳು. ಮಾವನನ್ನು ನೋಡಿದಳು. ಅಂಬಿಕಾಳನ್ನು ನೋಡಿದಳು. ತುಟಿಯ ಮೂಲೆಯಲ್ಲಿ ನಗು ಹೊರಳಿತು.

"ಹಿಂದಿಂದೇ ಇರ್ಲಿ. ಆದ್ರ ಯವ್ವಾ, ನಮ್ಮ ಮಾವನ ಸಲುವಾಗಿ ಇಷ್ಟು ಉರೀತಾರೇನ್ರಿ? ಅಂವ ದಿನಾ ಕೊತ್ತಂಬರಿ ಪಲ್ಯಾ ಮಾಡಿದ್ರ ಊಟ ಬಿಟ್ಟು ಏಳ್ತಾನ, ಗೊತ್ತದೇನು ನಿಮಗ?"

"ಮಲ್ಲೀ, ಬಾಯಿ ಮುಚ್ಚು ಲೇ!"

"ಮುಚ್ಚೀನಿ. ನೀ ತೆರಿ!" ಎಂದು ಅವಳು ಸೀರೆಯ ನಿರಿಗೆ ಎತ್ತಿ ಹಿಡಿದು ಕನಕರಾಯನನ್ನು ಹುಡುಕಿಕೊಂಡು ಓಡಿದಳು.

ಕೋಣೆಯಲ್ಲಿ ಇಬ್ಬರೇ ಉಳಿದರು.

"ನಾನೂ ಒಂದು ಹೇಳ್ಲೇನ್ರಿ?" ಆಂಜನೇಯ ನೆಲ ನೋಡುತ್ತ ಕೇಳಿದ. "ನಿಮ್ಮ ಲೈನ್ ಬ್ಯುಸಿ ಬಂದಾಗೆಲ್ಲಾ ನನಗೂ ಹೊಟ್ಟಿ ಉರೀತಿತ್ತು. ಬ್ಯಾರೆ ಯಾವನಿಗಾರ ಇಕಿ ಹಿಂಗೇ ಹೊತ್ತು ಮುಳುಗೋದು ಹೇಳಾಕತ್ಯಾಳೇನು ಅಂತ. ಅಂಗಡ್ಯಾಗ ಒಬ್ಬರಿಗಿ ಜ್ವರದ ಗುಳಿಗಿ ಬದಲಿ ಕೆಮ್ಮಿನ ಔಷಧ ಕೊಟ್ಟುಬಿಟ್ಟಿದ್ದೆ. ಪುಣ್ಯಾಕ ಅವ್ರೇ ನೋಡಿ ವಾಪಸ್ ಕೊಟ್ರು."

ಅಂಬಿಕಾಳಿಗೆ ಅಳುವಿನ ನಡುವೆಯೇ ನಗು ಬಂತು. "ಬ್ಯಾರೆ ಯಾರಿಗೂ ಹೇಳಿಲ್ರಿ. ಬ್ಯಾರೆಯವ್ರಿಗಿ ಬರೀ ಬಸ್ಸಿನ ಲೆಕ್ಕ ಹೇಳೀನಿ."

"ಹಂಗಾರ ನಾ ಕೇಳಬೇಕು ಅಂದಿದ್ದು ಕೇಳ್ತೀನಿ. ಅಕ್ಕನ ಮಗಳ ಕಾರ್ಯ ಮುಗೀಲಿ ಅಂತ ಕಾದಿದ್ದೆ. ನಾ ನಿಮಗ..." ಅವನು ತಡವರಿಸಿದ. "ನಾ ನಿಮಗ ಬೇಕೇನ್ರಿ?"

ಅವಳು ಅವನನ್ನು ನೇರವಾಗಿ ನೋಡಿದಳು. "ಬ್ಯಾಡಾಗಿದ್ರ ಇಷ್ಟು ಉರೀತಿದ್ನೇನ್ರಿ?"

ಹೊರಗಿನ ಕಟ್ಟೆಯ ಮೇಲೆ ತಿಮ್ಮವ್ವ ಎಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದಳು. ಆಗಾಗ ಬಾಗಿಲ ಕಡೆಗೆ ಕಣ್ಣು. ಆಂಜನೇಯ ಕಿಟಕಿಯಿಂದ ಅವಳನ್ನು ನೋಡಿ ಅಂಗಿಯ ಕಾಲರು ಸರಿಮಾಡಿಕೊಂಡ.

"ನಿಮ್ಮ ಅಜ್ಜಿಗಿ ಏನಂತ ಹೇಳ್ಲಿ?"

"ಖರೇ ಇದ್ದದ್ದು ಹೇಳ್ರಿ."

"ಖರೇ ಹೇಳಿದ್ರ ಬೈತಾಳ ಮತ್ತ."

"ಏನದ ಅಂಥಾ ಖರೇ?"

ಅವನು ಹೊಸ್ತಿಲು ದಾಟಿ ತಿರುಗಿ ನಿಂತ.

"ನಿಮ್ಮ ಮೊಮ್ಮಗಳಿಗಿ ಹೊಟ್ಟಿಕಿಚ್ಚು ಭಾಳ ಅದ, ಆದ್ರೂ ನನಗ ಅಕೀನೇ ಬೇಕು ಅಂತ."